ಟಾರಿನ ಮಗ

ಒಂದು ರಸಪ್ರಶ್ನೆ ಸ್ಪರ್ಧೆಗೆ ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. "ಟಾರ್ಮ್ಯಾಕ್ ರಸ್ತೆ ಕಂಡುಹಿಡಿದವರು ಯಾರು?" ಎಂಬ ಪ್ರಶ್ನೆ ಬಂತು. ನಮ್ಮ ಹುಡುಗಿ ಎದ್ದು, "ಹೂಲಿ ಸಾರ್" ಎಂದಳು. "ತಪ್ಪು, ಮೆಕ್ಯಾಡಂ!" ಎಂದರು ತೀರ್ಪುಗಾರರು. ಹತ್ತು ಅಂಕ ಹೋಯಿತು. ಹುಡುಗಿ ನನ್ನ ಮುಖ ನೋಡಿದಳು. ಪಾಠ ಹೇಳಿದವಳು ನಾನೇ ತಾನೆ? ಹೋಗಿ ಕೇಳಿದ್ದಕ್ಕೆ, "ಗೈಡಿನಲ್ಲಿ ಹಾಗೇ ಇದೆ ಮೇಡಂ, ನಾವೇನು ಮಾಡೋಕಾಗುತ್ತೆ?" ಎಂದು ನಕ್ಕರು. ಗೈಡು ಅಂದರೆ ನಮ್ಮವರಿಗೆ ವೇದ, ನೋಡಿ.

ಜಾನ್ ಲೌಡನ್ ಮೆಕ್ಯಾಡಂ ಸ್ಕಾಟ್ಲೆಂಡಿನವನು. ಹುಟ್ಟಿದ್ದು 1756ರಲ್ಲಿ, ತೀರಿಕೊಂಡದ್ದು 1836ರಲ್ಲಿ. ಒಡೆದ ಜಲ್ಲಿಯನ್ನು ಪದರ ಪದರವಾಗಿ ಹಾಸಿ, ನೀರು ಇಳಿದು ಹೋಗುವಂತೆ ರಸ್ತೆಯ ನಡುವೆ ತುಸು ಎತ್ತರಿಸಿದರೆ ಸಾಕು, ಗಾಡಿಯ ಚಕ್ರಗಳೇ ಅದನ್ನು ಗಟ್ಟಿ ಮಾಡುತ್ತವೆ ಎಂದವನು ಅವನು. ದೊಡ್ಡ ಮಾತೇ, ಅಲ್ಲಗಳೆಯುವುದಿಲ್ಲ. ಆದರೆ ಅವನ ರಸ್ತೆಯಲ್ಲಿ ಒಂದು ತೊಟ್ಟು ಟಾರೂ ಇರಲಿಲ್ಲ. ಮೋಟಾರು ಬಂದ ಮೇಲೆ ಆ ರಸ್ತೆಗಳಲ್ಲಿ ಧೂಳೆದ್ದಿತು. ಆಗ ಬಂದವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಜಿಲ್ಲೆಯ ಸರ್ವೇಯರ್ ಎಡ್ಗರ್ ಹೂಲಿ. 1901ರಲ್ಲಿ ಡೆನ್ಬಿ ಎಂಬಲ್ಲಿ ಟಾರಿನ ಪೀಪಾಯಿ ಒಡೆದು ಚೆಲ್ಲಿತ್ತಂತೆ, ಅದರ ಮೇಲೆ ಯಾರೋ ಕಬ್ಬಿಣದ ಕುಲುಮೆಯ ಕಿಟ್ಟ ಸುರಿದಿದ್ದರಂತೆ. ಅಷ್ಟೂ ಜಾಗದಲ್ಲಿ ಧೂಳಿಲ್ಲದ್ದನ್ನು ಹೂಲಿ ಗಮನಿಸಿದ, 1902ರಲ್ಲಿ ಪೇಟೆಂಟ್ ಪಡೆದ. ರಸ್ತೆಗೆ ಟಾರು ಸವರಿದವರು ಅವನಿಗೂ ಮುಂಚೆ ಇದ್ದರು. ಟಾರ್ಮ್ಯಾಕ್ ಮಾತ್ರ ಅವನದು. ಮೆಕ್ಯಾಡಂ ಸತ್ತು ಆಗಲೇ ಅರುವತ್ತೈದು ವರ್ಷ ದಾಟಿತ್ತು!

ಈಗ ಪದಕ್ಕೆ ಬನ್ನಿ. ಟಾರ್ಮ್ಯಾಕ್ ಎಂದರೆ ಟಾರ್ ಮತ್ತು ಮೆಕ್ಯಾಡಂ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಅಂದರೆ ಮಗ. ಮೆಕ್ಯಾಡಂ ಆದಮನ ಮಗ. ಬಾಲ ಕತ್ತರಿಸಿದ ಟಾರ್ಮ್ಯಾಕ್ ಟಾರಿನ ಮಗ! ಇವತ್ತು ನಮ್ಮ ರಸ್ತೆಗೆ ಸುರಿಯುವುದು ಕಲ್ಲಿದ್ದಲಿನಿಂದ ಬರುವ ಟಾರೂ ಅಲ್ಲ, ಕಚ್ಚಾ ಎಣ್ಣೆ ಶುದ್ಧಿ ಮಾಡಿದಾಗ ಉಳಿಯುವ ಬಿಟುಮೆನ್. ಅಪ್ಪನೂ ಬದಲಾದ, ಮಗನ ಹೆಸರು ಮಾತ್ರ ಉಳಿಯಿತು.

ಮಗನೇನೋ ಪದದೊಳಗೆ ಕೂತ. ಮಗಳೆಲ್ಲಿ? ನನ್ನ ತಕರಾರು ಇರುವುದು ಇಲ್ಲಿ. ಮೆಕ್ಯಾಡಂನ ಕಲ್ಲು ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದಿತ್ತು. ಕೂತುಕೊಂಡು ಸಣ್ಣ ಸುತ್ತಿಗೆಯಿಂದ ಅದನ್ನು ಒಡೆಯಲು ಹೆಂಗಸರು, ಹುಡುಗರು, ಭಾರದ ಕೆಲಸ ಆಗದ ಮುದುಕರು ಸಾಕು ಎಂಬುದೂ ಅವನ ಪದ್ಧತಿಯಲ್ಲೇ ಸೇರಿತ್ತು. ಅಗ್ಗದ ಕೈಗಳು. ರಸ್ತೆಗೆ ಹೆಸರು ಕೊಟ್ಟವನು ಒಬ್ಬ, ಜಲ್ಲಿ ಕೊಟ್ಟವರು ಸಾವಿರ.

ಇದು ಇಂಗ್ಲೆಂಡಿನ ಹಳೆಯ ಕಥೆ ಎಂದು ಪುಟ ಮಗುಚಬೇಡಿ. ನಮ್ಮ ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿಗಳಲ್ಲಿ ಬರುವ 'ಡಬ್ಲ್ಯು.ಬಿ.ಎಂ.' ರಸ್ತೆಯ ಕೊನೆಯ 'ಎಂ' ಅದೇ ಮೆಕ್ಯಾಡಂ. ಅವನ ಹೆಸರಿನ ಹಿಂದೆ ಅವನ ಕೂಲಿಯ ಪದ್ಧತಿಯೂ ಬಂತು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ದಾರಿಬದಿಯಲ್ಲಿ ಕಲ್ಲಿನ ಗುಡ್ಡೆಯ ಮುಂದೆ ಹೆಂಗಸರು ಸಾಲಾಗಿ ಕೂತು ಜಲ್ಲಿ ಒಡೆಯುತ್ತಿದ್ದರು. ಬೇವಿನ ಕೊಂಬೆಗೆ ಹಳೇ ಸೀರೆಯ ಜೋಲಿ, ಅದರಲ್ಲಿ ಕೂಸು. ಡಾಂಬರು ಹಾಕುವ ದಿನ ಕಾಲಿಗೆ ಗೋಣಿತಾಟು ಸುತ್ತಿಕೊಂಡು ಬಿಸಿ ಜಲ್ಲಿಯ ಬಾಂಡ್ಲಿ ಹೊರುತ್ತಿದ್ದರು. ಶಾಲೆಗೆ ಹೋಗುವ ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಅವರಲ್ಲಿ ಒಬ್ಬಳ ಹೆಸರೂ ನನಗೆ ಗೊತ್ತಿಲ್ಲ. ಕೇಳಲೇ ಇಲ್ಲ, ನೋಡಿ.

ಯಂತ್ರ ಬಂತಲ್ಲ ಮಿಸ್, ಈಗ ಯಾರು ಕೈಯಲ್ಲಿ ಒಡೆಯುತ್ತಾರೆ ಎಂದು ಮಕ್ಕಳೇ ಕೇಳುತ್ತಾರೆ. ಸರಿಯೇ. ಆದರೆ ಗುಂಡಿ ಮುಚ್ಚುವ ಕಡೆ ಒಮ್ಮೆ ನಿಂತು ನೋಡಿ, ಬಾಂಡ್ಲಿ ಯಾರ ತಲೆಯ ಮೇಲಿದೆ ಎಂದು.

ಗೈಡು ಅಚ್ಚು ಹಾಕಿದವರಿಗೆ ಎರಡು ಪುಟದ ಕಾಗದ ಬರೆದೆ. ಉತ್ತರ ಬರಲಿಲ್ಲ. ಮರುವರ್ಷದ ಮುದ್ರಣ ಕೊಂಡು ನೋಡಿದೆ. ಬೆಲೆ ಏರಿತ್ತು, ಮೆಕ್ಯಾಡಂ ಅಲ್ಲೇ ಇದ್ದ.