ಬೆರಳೆಣಿಕೆ ಕೇಳುತ್ತಿದ್ದ ಯಂತ್ರ

ಕೃಷ್ಣರಾಜಪುರದ ಬಳಿಯ ದೂರವಾಣಿನಗರಕ್ಕೆ ಹೆಸರು ತಂದದ್ದು 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆ. ಮೊದಲ ದಶಕಗಳಲ್ಲಿ ಅಲ್ಲಿ ತಯಾರಾದದ್ದು ಸ್ಟ್ರೌಜರ್ ಎಕ್ಸ್‌ಚೇಂಜ್. ಅದರ ಮೂಲ ಕಲ್ಪನೆಗೆ 1891ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಜಿನಿಯರ್ ಅಲ್ಲ. ಶವಸಂಸ್ಕಾರದ ಏರ್ಪಾಡು ಆತನ ಕಸುಬು!

ಡಯಲ್‌ನಲ್ಲಿ 4 ತಿರುಗಿಸಿದರೆ ತಂತಿಯಲ್ಲಿ ವಿದ್ಯುತ್ ನಾಲ್ಕು ಬಾರಿ ಕಡಿದು ಕೂಡುತ್ತಿತ್ತು. ಸೆಲೆಕ್ಟರಿನ ದಂಡ ನಾಲ್ಕು ಮೆಟ್ಟಿಲು ಏರುತ್ತಿತ್ತು. ಮುಂದಿನ ಅಂಕಿ 7 ಆದರೆ ಏಳು ಹೆಜ್ಜೆ ಪಕ್ಕಕ್ಕೆ. ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಸಂಪರ್ಕಗಳಲ್ಲಿ 47 ಅನ್ನೇ ಮುಟ್ಟಬೇಕು. ಅದಕ್ಕಾಗಿ ರಿಲೇಯ ತೆಳು ಸ್ಪ್ರಿಂಗುಗಳ ನಡುವಿನ ಕೂದಲೆಳೆಯಂಥ ಅಂತರವನ್ನು ಗೇಜಿನಿಂದ ಅಳೆದು ಹೊಂದಿಸಬೇಕಿತ್ತು. ಅಲ್ಲಿ ಕೊಂಚ ತಪ್ಪಿದರೂ ಆಸ್ಪತ್ರೆಗೆ ಹೋಗಬೇಕಾದ ಕರೆ ಯಾರದೋ ಮನೆಯಲ್ಲಿ ಮೊಳಗುತ್ತಿತ್ತು. (ಎಲ್ಲ ರಾಂಗ್ ನಂಬರಿಗೂ ಯಂತ್ರವೇ ಕಾರಣವಲ್ಲ, ಅವಸರದ ಬೆರಳಿಗೂ ಪಾಲಿತ್ತು.)

ಮುಂದೆ ಕ್ರಾಸ್‌ಬಾರ್, ಬಳಿಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದವು. ಎಣಿಕೆಯ ಕೆಲಸ ಅಲುಗಾಡದ ಚಿಪ್ಪುಗಳ ಪಾಲಾಯಿತು. ಗೇಜು ಹಿಡಿದು ಪಳಗಿದ ಕೈಗಳು ಹೊಸ ಕೆಲಸ ಕಲಿಯಬೇಕಾಯಿತು.