ಮಾತ್ರೆ ನುಂಗುವವರ ಕಣ್ಣು



ಕಾಫಿ ಕೊಯ್ಲಿನಲ್ಲಿ ಕೆಂಪು ಹಣ್ಣಿನ ಜೊತೆ ಹಸಿರು ಕಾಯಿಯೂ ಚೀಲಕ್ಕೆ ಬಿದ್ದರೆ ಮೇಸ್ತ್ರಿ ಗದರುತ್ತಾರೆ. ಕೊಯ್ದವಳು ಕ್ಷಯಕ್ಕೆ ಮಾತ್ರೆ ನುಂಗುತ್ತಿರುವವಳಾದರೆ ಪಕ್ಕದ ಸಾಲಿನವರು ಮೆಲ್ಲಗೆ ಕೇಳಬೇಕು: “ತಂಗಿ, ನಿನಗೆ ಬಣ್ಣ ಸರಿಯಾಗಿ ಕಾಣುತ್ತದೆಯೇ?”

ಕ್ಷಯದ ಔಷಧಿಗಳಲ್ಲಿ ಎಥಾಂಬುಟಾಲ್ ಒಂದು. ಸರ್ಕಾರಿ ಚಿಕಿತ್ಸೆಯಲ್ಲಿ ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು ಔಷಧಿ ಕೊಡುತ್ತಾರೆ. ಎಥಾಂಬುಟಾಲ್ ಆರು ತಿಂಗಳೂ ಇರುತ್ತದೆ. ಅದು ಬೇಕಾದ ಔಷಧಿಯೇ. ಆದರೆ ಕೆಲವರಲ್ಲಿ ಮಾತ್ರ ಅದು ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ಸಾಮಾನ್ಯವಾಗಿ ಒಂದೆರಡು ತಿಂಗಳ ಮೇಲೆ ಇದು ತಿಳಿಯುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ನೋಟ ಮಸುಕಾಗುತ್ತದೆ, ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಹೆಚ್ಚಾಗಿ ಎರಡು ಕಣ್ಣಿಗೂ ಬರುವುದರಿಂದ “ವಯಸ್ಸಾಯಿತು, ರಕ್ತ ಕಡಿಮೆ” ಎಂದು ಸುಮ್ಮನಾಗುತ್ತೇವೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮೂತ್ರ ಕೇಸರಿ ಬಣ್ಣವಾದರೆ ಹೆದರಬೇಡಿ; ಅದು ರಿಫಾಂಪಿಸಿನ್ ಎಂಬ ಔಷಧಿಯ ಬಣ್ಣ. ಕಣ್ಣಿನ ವಿಷಯ ಹಾಗಲ್ಲ. ಬೇಗ ತಿಳಿದು ಎಥಾಂಬುಟಾಲ್ ನಿಲ್ಲಿಸಿದರೆ ಹೆಚ್ಚಿನವರಿಗೆ ನೋಟ ಮರಳುತ್ತದೆ. ತಡವಾದರೆ ಮರಳದೆಯೂ ಇರಬಹುದು.

ಆದ್ದರಿಂದ ಮಾತ್ರೆ ಆರಂಭಿಸುವ ಮೊದಲೇ ಕಣ್ಣಿನ ನೋಟವನ್ನೂ ಬಣ್ಣದ ಗುರುತನ್ನೂ ಪರೀಕ್ಷಿಸಿ ಬರೆದಿಡುವಂತೆ ಕೇಳಿಕೊಳ್ಳಿ. ಮನೆಯಲ್ಲಿ ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ, ಅದೇ ಜಾಗದಲ್ಲಿ ನಿಂತು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ. ಕೆಂಪು ಅಂಕಿ ಮಾಸಿದಂತೆ ಕಂಡರೆ, ಹೋದ ವಾರ ಓದಿದ್ದು ಈ ವಾರ ಓದಲಾಗದಿದ್ದರೆ, ಅಂದೇ ವೈದ್ಯರ ಬಳಿ ಹೋಗಿ. ಚಿಕ್ಕ ಮಕ್ಕಳು ಬಾಯಿಬಿಟ್ಟು ಹೇಳಲಾರರು. ಮಗು ಎಡವುತ್ತದೆಯೇ, ವಸ್ತುವಿಗಾಗಿ ತಡಕಾಡುತ್ತದೆಯೇ ಎಂದು ತಾಯಂದಿರು ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ: ಹೆದರಿ ನೀವಾಗಿಯೇ ಎಲ್ಲ ಮಾತ್ರೆಯನ್ನೂ ಬಿಟ್ಟು ಮನೆಯಲ್ಲಿ ಕೂರಬೇಡಿ. ಅರ್ಧಕ್ಕೆ ಬಿಟ್ಟ ಕ್ಷಯ ಔಷಧಿಗೆ ಬಗ್ಗದೆ ಮತ್ತೆ ಬರಬಹುದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರು ಹೇಳಲಿ.

ಹಾಜರಿ ಹೋಗುತ್ತದೆಂಬ ಭಯದಿಂದಲೇ ನಮ್ಮವರು ಕಣ್ಣಿನ ತೊಂದರೆಯನ್ನು ಮುಚ್ಚಿಡುತ್ತಾರೆ. ಪರೀಕ್ಷೆಗೆ ಹೋದ ಅರ್ಧ ದಿನದ ಕೂಲಿ ಕಡಿಯಬಾರದೆಂದು ಪ್ರತಿ ತೋಟದಲ್ಲಿಯೂ ನಾವು ಕೂಡಿ ಕೇಳೋಣ. ಒಬ್ಬಂಟಿಯಾಗಿ ಹೋಗಲಾರದವರ ಜೊತೆ ಲೈನಿನ ಒಬ್ಬರು ಹೋಗಲಿ. ಕೆಮ್ಮು ವಾಸಿಯಾದ ತಂದೆಗೆ ಮಗುವಿನ ಮುಖವೂ ಕಾಣಬೇಕು.