ಕಾವಲು ನಾಯಿ ಯಾರ ಮಾತು ಕೇಳಬೇಕು?

ಮನೆಭೇಟಿಗೆ ಹೋಗುವಾಗ ಈಚೆಗೆ ಒಂದು ಬದಲಾವಣೆಯನ್ನು ಕಾಣುತ್ತಿದ್ದೇವೆ. ಹಿಂದೆ ತೋಟದ ಬದಿಯಿಂದ ನಡೆದು ಜಗಲಿಯ ತನಕ ಬಂದು ಕರೆಯುತ್ತಿದ್ದೆವು. ಈಗ ಹಲವು ಮನೆಗಳಲ್ಲಿ ಗೇಟಿನ ಹೊರಗೆ ನಿಂತು ಫೋನ್ ಮಾಡಬೇಕು. ಗೇಟಿನಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು. ಒಳಗೆ ಗಲ್ಫಿನಲ್ಲಿರುವ ಮಕ್ಕಳು ಕೊಡಿಸಿದ ಒಂದು ಜಾತಿ ನಾಯಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಕಳ್ಳರ ಕಣ್ಣು, ಮನೆಯಲ್ಲಿ ಇಬ್ಬರೇ ಮುದುಕರು. ಆದುದರಿಂದ ಭಯ ಸುಳ್ಳಲ್ಲ. ಆದರೆ ನಾಯಿಯನ್ನು ಆರಿಸುವ ರೀತಿಯ ಬಗ್ಗೆ ನಮ್ಮ ತಕರಾರಿದೆ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ಯುವಕ ಗಲ್ಫಿನಿಂದ ಫೋನ್ ಮಾಡಿ, "ಫಾದರ್, ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಒಂದು ರಾಟ್‌ವೈಲರ್ ಮರಿ ಸಿಗುತ್ತದೆ, ಕೊಡಿಸಲಾ?" ಎಂದು ಕೇಳಿದ. ನಾಯಿಯ ವಿಷಯದಲ್ಲಿ ಆಗ ನಮಗೆ ಹೆಚ್ಚೇನೂ ತಿಳಿದಿರಲಿಲ್ಲ. "ಒಳ್ಳೆಯದಾಯಿತು, ಧೈರ್ಯಕ್ಕೊಂದು ಇರಲಿ" ಎಂದೆವು.

ಮರಿ ಬಂತು. ಆರು ತಿಂಗಳು ಎಲ್ಲರಿಗೂ ಮುದ್ದು. ಒಂದೂವರೆ ವರ್ಷವಾಗುವಾಗ ಅದು ಬಾಯಮ್ಮನವರಷ್ಟೇ ಭಾರ ತೂಗುತ್ತಿತ್ತು. ಸರಪಳಿ ಹಿಡಿದು ನಡೆಸುವ ಶಕ್ತಿ ಇಬ್ಬರಲ್ಲೂ ಇಲ್ಲ. ಹಾಗಾಗಿ ಹಗಲೆಲ್ಲ ಹಟ್ಟಿಯ ಬದಿಯ ಕಬ್ಬಿಣದ ಗೂಡಿನಲ್ಲಿ, ರಾತ್ರಿ ಅಂಗಳದಲ್ಲಿ ಬಿಡುವುದು. ಗೂಡಿನೊಳಕ್ಕೆ ಅನ್ನದ ಪಾತ್ರೆಯನ್ನು ಕೋಲಿನಿಂದ ದೂಡುತ್ತಿದ್ದರು. "ಅದು ಮಗನ ಮಾತಾದರೆ ಕೇಳುತ್ತದೆ ಫಾದರ್, ನಮ್ಮ ಮಾತು ಲೆಕ್ಕಕ್ಕೇ ಇಲ್ಲ" ಎಂದು ಬಾಯಮ್ಮ ಒಮ್ಮೆ ನಗುತ್ತಾ ಹೇಳಿದ್ದರು. ಮಗ ಬರುವುದು ಎರಡು ವರ್ಷಕ್ಕೊಮ್ಮೆ. ಹಾಲು ತರುವ ನೆರೆಮನೆಯಾಕೆ ಪಾತ್ರೆಯನ್ನು ಗೇಟಿನ ಕಂಬದ ಮೇಲೆ ಇಟ್ಟು ಹೋಗತೊಡಗಿದಳು. ಕೆಲಸದವರು ಬರುವುದು ಕಡಿಮೆಯಾಯಿತು.

ಕಳೆದ ಮಳೆಗಾಲದ ಒಂದು ರಾತ್ರಿ ಆ ಹಿರಿಯರು ಹಿಂಬದಿಯ ಬಚ್ಚಲಿನಲ್ಲಿ ಜಾರಿಬಿದ್ದರು. ಬಾಯಮ್ಮನ ಕೂಗು ಕೇಳಿ ನೆರೆಯವರು ಓಡಿಬಂದರು. ಆದರೆ ಅಂಗಳದಲ್ಲಿ ನಾಯಿ! ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಯಾರನ್ನೂ ಒಳಗೆ ಬಿಡಲಿಲ್ಲ. ನಾಲ್ಕು ಮಂದಿ ಗಂಡಸರು ಟಾರ್ಚು ಹಿಡಿದು ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದರು. ಬಾಯಮ್ಮ ಗಂಡನನ್ನು ಬಿಟ್ಟು ಎದ್ದು ಬಂದು, ಮೀನಿನ ಸಾರಿನ ಪಾತ್ರೆ ತೋರಿಸಿ ನಾಯಿಯನ್ನು ಗೂಡಿಗೆ ಹೊಗಿಸಿ ಚಿಲಕ ಹಾಕುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೆ ಅಪಾಯವಾಗಲಿಲ್ಲ, ಅಷ್ಟು ಪುಣ್ಯ. ಆಸ್ಪತ್ರೆಯಲ್ಲಿ ಅವರನ್ನು ನೋಡಿ ಬಂದ ಮೇಲೆ ನಾವು ಅಂದು ಫೋನಿನಲ್ಲಿ ಆಡಿದ ಮಾತು ನೆನಪಾಗಿ ನಿದ್ದೆ ಬರಲಿಲ್ಲ.

ಇದರಲ್ಲಿ ನಾಯಿಯ ತಪ್ಪೇನು? ರಾಟ್‌ವೈಲರ್ ಎಂಬುದು ಜರ್ಮನಿಯ ರಾಟ್‌ವೈಲ್ ಎಂಬ ಊರಿನ ತಳಿ. ಅಲ್ಲಿ ದನ ಅಟ್ಟಲು, ಮಾಂಸದ ವ್ಯಾಪಾರಿಗಳ ಗಾಡಿ ಎಳೆಯಲು ಸಾಕುತ್ತಿದ್ದರು. ಯಜಮಾನನ ಜತೆ ದಿನವಿಡೀ ನಡೆದು ದುಡಿದ ಜಾತಿ ಅದು. ಬೆಳೆದ ಗಂಡು ನಾಯಿ 50 ಕಿಲೋದಷ್ಟು ತೂಗುತ್ತದೆ. ಅಂಥದ್ದನ್ನು ಗೂಡಿನಲ್ಲಿ ಕೂಡಿಹಾಕಿ, ಮಾತಿಲ್ಲ, ನಡಿಗೆಯಿಲ್ಲ, ಹೊಸಬರ ಮುಖವಿಲ್ಲ ಎಂದು ಇಟ್ಟರೆ ಅದು ಎಲ್ಲರನ್ನೂ ವೈರಿಯೆಂದೇ ತಿಳಿಯುತ್ತದೆ. ಡಾಬರ್‌ಮನ್, ಜರ್ಮನ್ ಶೆಫರ್ಡ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಇಂಥ ನಾಯಿಗಳನ್ನು ಸರಕಾರ ನಿಷೇಧಿಸಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ರಾಟ್‌ವೈಲರ್ ಸೇರಿ 23 ತಳಿಗಳನ್ನು ಹೆಸರಿಸಿ, ಅವುಗಳ ಮಾರಾಟ, ಸಂತಾನೋತ್ಪತ್ತಿ ತಡೆಯುವಂತೆ ರಾಜ್ಯಗಳಿಗೆ ಬರೆದದ್ದು ಹೌದು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದು ಎಂಬ ಕಾರಣದಿಂದ ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ಕೋರ್ಟಿನ ವಿಷಯ ಅಲ್ಲಿರಲಿ. ಕಾನೂನು ಬಿಟ್ಟರೂ ಎಪ್ಪತ್ತು ದಾಟಿದ ಇಬ್ಬರ ಕೈಗೆ ಆ ಸರಪಳಿ ಕೊಡುವುದು ಸರಿಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ತಳಿ ಯಾವುದು ಎಂದು ಕೇಳುವ ಮೊದಲು ಅದಕ್ಕೆ ಯಜಮಾನ ಯಾರು ಎಂದು ಕೇಳಿ ಎಂಬುದೇ ನಮ್ಮ ಅಭಿಪ್ರಾಯ. ದಿನಾ ಬೆಳಿಗ್ಗೆ ಸಂಜೆ ನಡೆಸುವವರು ಯಾರು? 'ಕೂತುಕೋ' ಎಂದರೆ ಅದು ಯಾರ ಮಾತಿಗೆ ಕೂರಬೇಕು? ಅವರು ಊರಿನಲ್ಲೇ ಇರುತ್ತಾರೆಯೇ? ಹಣ ಕೊಟ್ಟವನು ದುಬೈಯಲ್ಲಿದ್ದರೆ ನಾಯಿಗೆ ಯಜಮಾನನಿಲ್ಲ ಎಂದೇ ಅರ್ಥ. ಮನೆಯಲ್ಲಿ ದುಡಿಯುವ ಪ್ರಾಯದ ಒಬ್ಬರು ಇದ್ದು, ಅವರಿಗೆ ನಾಯಿಯ ಮೇಲೆ ನಿಜವಾದ ಆಸೆಯಿದ್ದರೆ ಜರ್ಮನ್ ಶೆಫರ್ಡ್ ಸಾಕಲಿ, ನಮ್ಮ ಅಡ್ಡಿಯಿಲ್ಲ. ಆಗಲೂ ತಾಯಿಯನ್ನು ನೋಡಿಯೇ ಮರಿ ತನ್ನಿ. ತಾಯಿ ಹತ್ತಿರ ಬರಲು ಬಿಡದ ಸಿಡುಕಿಯಾದರೆ ಮರಿಯೂ ಬೇಡ.

ದೇಶೀ ತಳಿ ತರೋಣ ಎನ್ನುವವರಿಗೂ ಒಂದು ಮಾತು. ಮುಧೋಳ ನಾಯಿ ಎಂದರೆ ನಮಗೂ ಅಭಿಮಾನವೇ; 2005ರಲ್ಲಿ ಅಂಚೆಚೀಟಿಯಲ್ಲಿ ಬಂದ ನಾಯಿ. ಆದರೆ ಅದು ಬಯಲಿನಲ್ಲಿ ಮೊಲದ ಬೆನ್ನಟ್ಟುವ ಬೇಟೆ ನಾಯಿ. ಅದಕ್ಕೆ ಓಡಲು ಜಾಗ ಬೇಕು. ಓಡುವ ಕೋಳಿಯನ್ನು ಕಂಡರೆ ಸುಮ್ಮನಿರುವುದು ಅದಕ್ಕೆ ಕಷ್ಟ. ತಮಿಳುನಾಡಿನ ರಾಜಪಾಳಯಂ ಒಳ್ಳೆಯ ಕಾವಲಿನದು. ಆ ಬಿಳಿ ಜಾತಿಯಲ್ಲಿ ಹುಟ್ಟುಕಿವುಡು ಕಾಣಿಸುವುದುಂಟು. ತರುವ ಮೊದಲು ಮರಿಯ ಬೆನ್ನ ಹಿಂದೆ ಒಂದು ತಟ್ಟೆ ಬಡಿದು ನೋಡಿ.

ನಮ್ಮ ಹೆಚ್ಚಿನ ಮನೆಗಳಿಗೆ ಊರ ನಾಯಿಯ ಮರಿಯೇ ಸಾಕು ಎಂದರೆ ಕೆಲವರಿಗೆ ಸಪ್ಪೆಯೆನಿಸಬಹುದು. ಕಳ್ಳನಿಗೆ ಬೇಡವಾದದ್ದು ಬೊಗಳುವ ಸದ್ದು ಮತ್ತು ಬೆಳಕು. ಎರಡಕ್ಕೂ 50 ಕಿಲೋ ತೂಕ ಬೇಡ. ನಮ್ಮ ಸೆಕೆಗೂ ಮಳೆಗೂ ಅದು ಒಗ್ಗಿದೆ. ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಬೇರ್ಪಡಿಸಬೇಡಿ. ಸುಮಾರು ಮೂರು ತಿಂಗಳಾಗುವ ತನಕದ ಎಳೆತನದಲ್ಲಿ ಅದು ಕಂಡದ್ದೆಲ್ಲ ಮುಂದೆ ಅದಕ್ಕೆ ಪರಿಚಿತ. ಆದುದರಿಂದ ಆಗಲೇ ಮಕ್ಕಳನ್ನು, ಕೊಡೆ ಹಿಡಿದವರನ್ನು, ಮುಟ್ಟಾಳೆ ಇಟ್ಟ ಕೆಲಸದವರನ್ನು, ಹಾಲಿನವರನ್ನು ತೋರಿಸಿ. (ನಮ್ಮ ಬಿಳಿ ನಿಲುವಂಗಿಯನ್ನೂ ತೋರಿಸಿದರೆ ಉಪಕಾರ, ಅದನ್ನು ಕಂಡಷ್ಟು ಸಿಟ್ಟು ನಾಯಿಗಳಿಗೆ ಬೇರೆ ಯಾವುದನ್ನು ಕಂಡರೂ ಬಂದದ್ದನ್ನು ನಾವು ನೋಡಿಲ್ಲ.)

ಇನ್ನು ಆರೋಗ್ಯದ ಮಾತು. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಬಳಿಕ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಮೃಗಾಸ್ಪತ್ರೆಯಿಂದ ಅದರ ಸರ್ಟಿಫಿಕೇಟು ಪಡೆದು ಪಂಚಾಯತಿನಲ್ಲಿ ಲೈಸನ್ಸ್ ಮಾಡಿಸಬೇಕು. ಕೇರಳದಲ್ಲಿ 1998ರಿಂದಲೇ ಈ ನಿಯಮವಿದೆ, ಮಾಡಿಸುವವರು ಕಡಿಮೆ. ತೋಟದ ನೀರಿನಲ್ಲಿ ಓಡಾಡುವ ನಾಯಿಗೆ ಇಲಿಜ್ವರವೂ ತಗಲುತ್ತದೆ, ಅದರ ಮೂತ್ರದಿಂದ ನಮಗೂ ಬರಬಹುದು. ಅದಕ್ಕೂ ಲಸಿಕೆಯಿದೆ, ಕೇಳಿ ಹಾಕಿಸಿ. ಉಣ್ಣಿಯನ್ನು ಅಲಕ್ಷಿಸಬೇಡಿ. ಯಾವ ನಾಯಿಯೇ ಕಚ್ಚಲಿ, ಮರಿಯೇ ಪರಚಲಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನ ಹುಡಿ ಹಚ್ಚುವ ಪದ್ಧತಿಯನ್ನು ದಯವಿಟ್ಟು ಬಿಡಿ. 'ನಮ್ಮ ಮನೆಯ ನಾಯಿಯಲ್ಲವೇ' ಎಂದು ಕಾಯಬೇಡಿ. ಹುಚ್ಚು ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲ.

ಆ ಮನೆಯ ಮಗ ರಜೆಯಲ್ಲಿ ಬಂದವನು ನಾಯಿಯನ್ನು ರಬ್ಬರ್ ತೋಟವಿರುವ ತನ್ನ ಸೋದರಮಾವನಲ್ಲಿಗೆ ಕೊಂಡುಹೋದ. ಅಲ್ಲಿ ಇಬ್ಬರು ಹುಡುಗರಿದ್ದಾರೆ, ಬೆಳಿಗ್ಗೆ ಟ್ಯಾಪಿಂಗಿಗೆ ಹೋಗುವಾಗ ಅದೂ ಜತೆಗೆ ಹೋಗುತ್ತದಂತೆ. ಹಿರಿಯರು ಈಗ ವಾಕರ್ ಹಿಡಿದು ಜಗಲಿಯ ತನಕ ಬರುತ್ತಾರೆ. ನೆರೆಮನೆಯ ಹಟ್ಟಿಯಲ್ಲಿ ಹುಟ್ಟಿದ ಒಂದು ಕಂದು ಮರಿಯನ್ನು ಬಾಯಮ್ಮ ತಂದು ಸಾಕುತ್ತಿದ್ದಾರೆ. ಕಳೆದ ವಾರ ನಾವು ಹೋದಾಗ ಅದು ಗೇಟಿನಿಂದ ಜಗಲಿಯ ತನಕ ನಮ್ಮ ನಿಲುವಂಗಿಯ ಅಂಚು ಕಚ್ಚಿಕೊಂಡೇ ಬಂತು. ಅದರ ಚುಚ್ಚುಮದ್ದಿನ ದಿನವನ್ನು ಬಾಯಮ್ಮ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಮೃಗಾಸ್ಪತ್ರೆಗೆ ಕೊಂಡುಹೋಗುವವಳು ಹಾಲು ತರುವ ಆ ನೆರೆಮನೆಯಾಕೆ.